ಬೆಂಗಳೂರಿನ ಕುಂದಾಪ್ರದವರಿಗೆ ಒಂದು ಬಹಿರಂಗ ಪತ್ರ: ಬಸ್ರೂರಿನ ಕಲ್ಲಿಗೂ ನೂರಕ್ಕೆ ಒಂದು ರೂಪಾಯಿ ಇಡಿ

ಹ್ವಾಯ್, ನಮಸ್ಕಾರ.

ಈ ಪತ್ರ ಬೆಂಗಳೂರಿನಲ್ಲಿ ದುಡಿದು ಊರಿಗೆ ದುಡ್ಡು ಕಳಿಸುವ ನಮ್ಮ ಕುಂದಾಪ್ರದ ಕಡೆಯವರಿಗೆ. ಅದರಲ್ಲೂ ದೇವಸ್ಥಾನಗಳ ಜೀರ್ಣೋದ್ಧಾರ ಸಮಿತಿಗಳಲ್ಲಿ ಅಧ್ಯಕ್ಷರು, ಗೌರವಾಧ್ಯಕ್ಷರು, ಖಜಾಂಚಿಗಳು ಆಗಿರುವವರಿಗೆ. ವಿಷಯ ನಮ್ಮ ದೇವಸ್ಥಾನಗಳ ಅಂಗಳದಲ್ಲಿರುವ ಹಳೆ ಶಾಸನದ ಕಲ್ಲುಗಳದ್ದು. ಸರ್ಕಾರಕ್ಕೆ ಬರೆಯಬಹುದಿತ್ತು. ಆದರೆ ನಮ್ಮ ಕಡೆ ಕಲ್ಲು ಎತ್ತಿಸುವುದು, ಇಳಿಸುವುದು ನಿಮ್ಮ ದುಡ್ಡು. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಆಸಾಡಿ ಅಮಾಸಿ ಹತ್ತಿರ ಬಂದರೆ ಇಲ್ಲಿ ನಮ್ಮವರ ಸಡಗರ ಜೋರು. ಕುಂದಾಪ್ರ ಕನ್ನಡ ದಿನ ಅಂತ ಮೈದಾನ ತುಂಬುತ್ತದೆ. ಯಕ್ಷಗಾನ, ಹಗ್ಗ ಜಗ್ಗಾಟ, ಕೊಟ್ಟೆ ಕಡುಬು. ನಾನೂ ಹೋಗಿ ಹಾಲ್ಬಾಯಿಗೆ ಕ್ಯೂ ನಿಲ್ಲುತ್ತೇನೆ. ವೇದಿಕೆಯಲ್ಲಿ ಭಾಷೆಯ ಬಗ್ಗೆ ಮಾತು, ಊಟದ ಬಗ್ಗೆ ಮಾತು, ಹೋಟೆಲ್ ಕಟ್ಟಿ ಗೆದ್ದವರ ಬಗ್ಗೆ ಮಾತು. ಎಲ್ಲ ಸರಿ. ಆದರೆ ಬಸ್ರೂರಿನ ಮಾತು ಬರುವುದು ತೀರಾ ಕಡಿಮೆ. ಹೊರದೇಶದವರು ಮೊದಲು ಹೆಸರು ಕಲಿತದ್ದು ಕುಂದಾಪುರದ್ದಲ್ಲ, ಬಸ್ರೂರಿನದು. ಅದು ನಮ್ಮ ಮಕ್ಕಳಿಗಂತೂ ಗೊತ್ತೇ ಇಲ್ಲ.

ಈಗ ಬಸ್ರೂರು ಅಂದರೆ ಏನು? ಕುಂದಾಪುರದಿಂದ ಆರೇಳು ಕಿಲೋಮೀಟರ್ ಒಳಗೆ, ವಾರಾಹಿ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಊರು. ತೆಂಗಿನ ತೋಟ, ಮುರಕಲ್ಲಿನ ಪಾಗಾರ, ಬಸ್ಸು ನಿಂತು ಹೋಗುವ ಪೇಟೆ. ಸಮುದ್ರ ಕಾಣುವುದಿಲ್ಲ. ಆದರೆ ಈ ಊರು ಬದುಕಿದ್ದು ಸಮುದ್ರದಿಂದಲೇ. ವಾರಾಹಿ, ಸೌಪರ್ಣಿಕಾ, ಚಕ್ರಾ ಎಲ್ಲ ಒಟ್ಟಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತವಲ್ಲ, ಆ ಪಂಚಗಂಗಾವಳಿಯ ಅಳಿವೆಯಿಂದ ದೋಣಿಗಳು ಒಳಗೆ ಬರುತ್ತಿದ್ದವು. ಬಿರುಗಾಳಿಯ ಭಯ ಇಲ್ಲ, ಕಡಲುಗಳ್ಳರಿಗೆ ನೇರ ದಾರಿ ಇಲ್ಲ. ಬಂದರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ನಾವು ರಾತ್ರಿ ಹತ್ತುವ ಪಂಚಗಂಗಾ ರೈಲಿನ ಹೆಸರು ಇದೇ ನೀರಿನದು. ಹತ್ತುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಕೆಳಗಿಳಿದು ಹೋದ. ಬಸ್ರೂರನ್ನು ಅವನು ಅಬೂಸರೂರ್ ಎಂದು ಕರೆದ. ದೊಡ್ಡ ಹಿನ್ನೀರಿನ ದಂಡೆಯಲ್ಲಿ ತೆಂಗಿನ ಮರ ತುಂಬಿದ ಸಣ್ಣ ಊರು ಎಂದು ಬರೆದ. ಮುಂದೆ ಬಾರಕೂರಿಗೆ ಹೋದವನು ಅಲ್ಲಿನ ಕಬ್ಬನ್ನು ಹೊಗಳಿದ. ಏಳುನೂರು ವರ್ಷ ಆಗುತ್ತಾ ಬಂತು. ಸಣ್ಣ ಊರು, ತೆಂಗು, ನೀರು. ಇವತ್ತು ಹೋದರೂ ಮೊದಲು ಕಣ್ಣಿಗೆ ಬೀಳುವುದು ಇಷ್ಟೇ ಅಲ್ವಾ?

ದುಡ್ಡು ಬಂದದ್ದು ಅಕ್ಕಿಯಿಂದ. ನನಗೆ ತುಂಬ ಇಷ್ಟವಾದ ಸಂಗತಿ ಇದು. ಬಂದರಿನ ಸಿರಿತನ ಅಂದರೆ ನಾವು ಮುತ್ತು, ರೇಷ್ಮೆ, ಕುದುರೆ ಅಂದುಕೊಳ್ಳುತ್ತೇವೆ. ಕುದುರೆಗೆ ಭಟ್ಕಳ ಹೆಸರಾಗಿತ್ತು. ಘಟ್ಟದ ಮೇಲಿನಿಂದ ಹೊಸಂಗಡಿ ದಾರಿಯಾಗಿ ಕಾಳುಮೆಣಸು ಇಳಿಯುತ್ತಿತ್ತು, ಅದೂ ನಿಜ. ಆದರೆ ಬಸ್ರೂರಿನ ಬೆನ್ನೆಲುಬು ನಮ್ಮ ಬೈಲುಗದ್ದೆಯ ಅಕ್ಕಿ. 1500ರ ನಂತರದ ಮೊದಲ ವರ್ಷಗಳಲ್ಲಿ ಇಲ್ಲೆಲ್ಲ ಓಡಾಡಿದ ಪೋರ್ಚುಗೀಸ ದುವಾರ್ತೆ ಬಾರ್ಬೋಸಾ, ಬಾರಕೂರು ಮತ್ತು ಬಸ್ರೂರನ್ನು ಜೋಡಿಯಾಗಿ ಹೇಳುತ್ತಾನೆ. ಅಕ್ಕಿ ತುಂಬಲು ಹೊರದೇಶದ ಹಡಗುಗಳೂ ಮಲಬಾರಿನ ದೋಣಿಗಳೂ ಇಲ್ಲಿಗೆ ಬರುತ್ತವೆ ಎನ್ನುತ್ತಾನೆ. ಮಲಬಾರಿನವರಿಗೆ ಮೆಣಸಿತ್ತು, ತೆಂಗಿತ್ತು. ಉಣ್ಣಲು ಸಾಕಾಗುವಷ್ಟು ಅಕ್ಕಿ ಇರಲಿಲ್ಲ. ಗೋವೆಯಲ್ಲಿ ಕೋಟೆ ಕಟ್ಟಿ ಕೂತ ಪೋರ್ಚುಗೀಸರ ಕಥೆಯೂ ಅದೇ. ಫಿರಂಗಿ ಇತ್ತು, ಅನ್ನಕ್ಕೆ ಕನ್ನಡ ಕರಾವಳಿಯ ಕಡೆ ನೋಡಬೇಕಿತ್ತು.

ಇನ್ನು ಆ ದುಡ್ಡನ್ನು ಆಳಿದವರು ಯಾರು? ರಾಜ ಇದ್ದ. ವಿಜಯನಗರದ ಕಾಲದಲ್ಲಿ ಈ ಜಾಗ ಬಾರಕೂರು ರಾಜ್ಯಕ್ಕೆ ಸೇರಿತ್ತು, ಬಾರಕೂರಿನಲ್ಲಿ ಒಬ್ಬ ಅಧಿಕಾರಿ ಕೂತಿರುತ್ತಿದ್ದ. ಆದರೆ ಊರಿನ ದಿನದ ವ್ಯವಹಾರ ನಡೆಸಿದ್ದು ವ್ಯಾಪಾರಿಗಳು. ಶಾಸನಗಳಲ್ಲಿ ಮೂಡುಕೇರಿ, ಪಡುವಕೇರಿ ಎಂದು ಕೇರಿಗಳ ಹೆಸರು ಬರುತ್ತದೆ. ಆ ಕೇರಿಗಳ ಹಲರು, ಸೆಟ್ಟಿಕಾರರು ಎನ್ನುವ ವ್ಯಾಪಾರಿ ಕೂಟದವರು ಒಟ್ಟಿಗೆ ಕೂತು ಮಾತಾಡಿ ದಾನಕ್ಕೆ ಒಪ್ಪುತ್ತಾರೆ, ಸಾಕ್ಷಿ ಹಾಕುತ್ತಾರೆ. ಕರಾವಳಿಯ ಶಾಸನಗಳಲ್ಲಿ ಹಂಜಮಾನದ ಹೆಸರೂ ಸಿಗುತ್ತದೆ. ಅದು ಕಡಲಾಚೆಯ ವ್ಯಾಪಾರ ಮಾಡುತ್ತಿದ್ದ ಮುಸ್ಲಿಮರ ಕೂಟ. ಪೋರ್ಚುಗೀಸರ ಬರಹಗಳಲ್ಲೂ ಬಸ್ರೂರು ಎಂದರೆ ಸೆಟ್ಟಿಗಳು ತಾವೇ ನಡೆಸಿಕೊಂಡು ಹೋಗುವ ಊರು. ಒಬ್ಬ ದೊಡ್ಡ ಮನುಷ್ಯನನ್ನು ಹಿಡಿದರೆ ಊರು ಕೈಗೆ ಬರುತ್ತದೆ ಅನ್ನುವ ಹಾಗಿರಲಿಲ್ಲ. ಯಾರ ಜೊತೆ ಒಪ್ಪಂದ ಮಾಡಬೇಕು ಅನ್ನುವುದೇ ಅವರಿಗೆ ತಲೆನೋವು.

ಆ ತಲೆನೋವಿಗೆ ಮದ್ದು ಅಂತ 1569ರಲ್ಲಿ ಊರಿನ ಕೆಳಗೆ, ಹೊಳೆ ಬಾಯಿಯ ಕಡೆ ಕೋಟೆ ಹಾಕಿದರು. ಅದಕ್ಕೂ ಮೊದಲೇ ಕರ್ತಾಜ್ ಎನ್ನುವ ಪರವಾನಗಿ ಚೀಟಿ ಜಾರಿಯಲ್ಲಿತ್ತು. ಪೋರ್ಚುಗೀಸರ ಚೀಟಿ ಇಲ್ಲದ ಹಡಗು ಕಡಲಲ್ಲಿ ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. ನಮ್ಮ ಕಡಲಲ್ಲಿ ಹೋಗಲು ಅವರ ಚೀಟಿ! ಸೆಟ್ಟಿಗಳು ಒಮ್ಮೆ ಕಾದಾಡಿದರು, ಒಮ್ಮೆ ಕಪ್ಪ ಕೊಟ್ಟರು. ಆ ಕಪ್ಪವೂ ಅಕ್ಕಿಯೇ. ಮೇಲಿನ ಬಸ್ರೂರು ವ್ಯಾಪಾರಿಗಳದ್ದು, ಕೆಳಗಿನ ಬಸ್ರೂರು ಕೋಟೆಯವರದ್ದು. ಹೀಗೆ ಸುಮಾರು ಎಂಬತ್ತು ವರ್ಷ ಎರಡು ಬಸ್ರೂರುಗಳು ಇದ್ದವು. 1620ರ ದಶಕದಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಈ ಎರಡನ್ನೂ ನೋಡಿದ. ಮೇಲಿನ ಊರಿನ ಉದ್ದ, ಅಗಲ, ನೆಟ್ಟಗಿನ ಬೀದಿಯನ್ನೂ ಅದರ ತೋಟಗಳನ್ನೂ ಮೆಚ್ಚಿ ಬರೆದ. ಬೆಂಗಳೂರಿನಲ್ಲಿ ಕೂತು ಇದನ್ನು ಓದುವಾಗ ನೆಟ್ಟಗಿನ ಬೀದಿ ಅನ್ನುವ ಕಡೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು.

1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಈ ದಂಡೆಯಿಂದ ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಖುದ್ದಾಗಿ ಹಡಗು ಹತ್ತಿ ಬಂದ. ಇಂಗ್ಲಿಷರ ಕಾಗದದ ಪ್ರಕಾರ 85 ಯುದ್ಧದೋಣಿಗಳು, 3 ದೊಡ್ಡ ಹಡಗುಗಳು. ಬಸ್ರೂರಿನ ಸಂಪತ್ತು ಬಾಚಿಕೊಂಡು, ವಾಪಸ್ಸು ಹೋಗುವಾಗ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನ ಮಾಡಿಕೊಂಡು ಹೋದ. ಅಷ್ಟು ಹೊತ್ತಿಗೆ ಬಂದರು ಕೆಳದಿಯವರ ಕೈಯಲ್ಲಿತ್ತು. ಈಗ ಈ ಘಟನೆಯನ್ನು ಬಿಡುಗಡೆ ಅಂತ ಹೇಳುವವರಿದ್ದಾರೆ. ಲೂಟಿಯನ್ನು ಲೂಟಿ ಅಂದರೆ ಶಿವಾಜಿಯ ದೊಡ್ಡಸ್ತಿಕೆ ಕಡಿಮೆಯಾಗುವುದಿಲ್ಲ. ಅಷ್ಟು ದೂರದಿಂದ ಅಷ್ಟು ಹಡಗು ಕಟ್ಟಿಕೊಂಡು ಬರಬೇಕಾದರೆ ಈ ಸಣ್ಣ ಊರಿನಲ್ಲಿ ಎಷ್ಟು ಇದ್ದಿರಬೇಕು, ನೀವೇ ಲೆಕ್ಕ ಹಾಕಿ.

ಆಮೇಲಿನದನ್ನು ಬೇಗ ಮುಗಿಸುತ್ತೇನೆ. ಹೈದರಾಲಿ 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ. 1799ರ ನಂತರ ಬ್ರಿಟಿಷರು ಬಂದರು. ವ್ಯಾಪಾರ ಮಂಗಳೂರಿನ ಕಡೆ ವಾಲಿತು, ಉಳಿದದ್ದು ಗಂಗೊಳ್ಳಿ, ಕುಂದಾಪುರಕ್ಕೆ ಸರಿಯಿತು. ಬಸ್ರೂರಿನಲ್ಲಿ ಉಳಿದದ್ದು ದೇವಸ್ಥಾನ, ಕೆರೆ, ಕೇರಿಯ ಹೆಸರು ಮತ್ತು ಕಲ್ಲು.

ಕಲ್ಲಿನ ವಿಷಯಕ್ಕೇ ನಾನು ಬರಬೇಕಿತ್ತು.

ನಾನು ಲೆಕ್ಕಪತ್ರದ ಕೆಲಸದವನು. ಇಪ್ಪತ್ತು ಹೋಟೆಲಿನವರ ಪುಸ್ತಕ ನನ್ನ ಮೇಜಿನ ಮೇಲೆ ಬಂದು ಹೋಗುತ್ತದೆ. ಶಾಸನ ಅಂದರೆ ರಾಜನ ಹೊಗಳಿಕೆ ಅಂದುಕೊಂಡವರು ಒಮ್ಮೆ ಬಸ್ರೂರಿನ ಕಡೆಯ ಒಂದು ಶಾಸನದ ಪಾಠ ಓದಿ ನೋಡಬೇಕು. ಮೇಲೆ ಸೂರ್ಯ, ಚಂದ್ರ, ಲಿಂಗ. ಮೊದಲು ರಾಜನ ಹೆಸರು, ಆಮೇಲೆ ಬಾರಕೂರಿನ ಅಧಿಕಾರಿಯ ಹೆಸರು. ಅಲ್ಲಿಗೆ ಮರ್ಯಾದೆ ಮುಗಿಯಿತು. ಮುಂದೆ ಪೂರ್ತಿ ಲೆಕ್ಕ. ಯಾವ ಗದ್ದೆ, ಅದರ ನಾಲ್ಕು ಗಡಿ ಯಾವುದು, ಎಷ್ಟು ಮೂಡೆ ಅಕ್ಕಿ ಬರುತ್ತದೆ, ಎಷ್ಟು ಗದ್ಯಾಣ, ಅಂದರೆ ಆಗಿನ ನಾಣ್ಯ, ಕೊಟ್ಟಿದ್ದು, ಅದರಲ್ಲಿ ದೀಪಕ್ಕೆ ಎಷ್ಟು, ನೈವೇದ್ಯಕ್ಕೆ ಎಷ್ಟು, ಎಷ್ಟು ಜನರ ಊಟಕ್ಕೆ. ಬಾರಕೂರಿನ ಟಂಕಸಾಲೆಯ ನಾಣ್ಯಕ್ಕೆ ಬಾರಕೂರ ಗದ್ಯಾಣ ಎಂದೇ ಹೆಸರು. ಕೊನೆಗೆ ಸಾಕ್ಷಿ, ಅದಕ್ಕೂ ಕೊನೆಗೆ ಶಾಪ: ಈ ದಾನವನ್ನು ಕಸಿದವನು ಅರವತ್ತು ಸಾವಿರ ವರ್ಷ ಕಕ್ಕಸಿನ ಹುಳವಾಗಿ ಹುಟ್ಟುತ್ತಾನೆ. ನನ್ನ ಕೆಲಸದಲ್ಲಿ ಇಷ್ಟು ಬಿಗಿಯಾದ ಕರಾರು ನಾನು ಕಂಡಿಲ್ಲ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾರು ನೋಡಿಕೊಳ್ಳಬೇಕು, ಎಲ್ಲ ಬಯಲಿನಲ್ಲಿ, ಮಳೆ ಬಿಸಿಲಿಗೆ, ಯಾರು ಬೇಕಾದರೂ ಬಂದು ಓದುವ ಹಾಗೆ. ಸಮಿತಿಯ ಆಡಿಟ್ ವರದಿಯನ್ನು ಹೀಗೆ ಅಂಗಳದಲ್ಲಿ ನಿಲ್ಲಿಸಲು ನಮ್ಮಲ್ಲಿ ಎಷ್ಟು ಜನ ತಯಾರಿದ್ದೇವೆ?

ಬಸ್ರೂರಿನ ಸ್ವಭಾವ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು. ಅರಮನೆ ಕಟ್ಟಲಿಲ್ಲ. ಕೆರೆ, ಗುಡಿ, ದೀಪ, ಊಟ, ಇವಕ್ಕೆ ಹಾಕಿದರು. ಹಾಕಿದ್ದನ್ನು ಬರೆದಿಟ್ಟರು.

ನಮ್ಮ ದುಡ್ಡಿನ ಕಥೆ ಬಹಳ ಬೇರೆ ಏನಲ್ಲ. ಕೋಟ ಹತ್ತಿರದ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಮತ್ತು ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲ್ ಶುರು ಮಾಡಿದರು, ಅದೇ ಇವತ್ತಿನ ಎಂಟಿಆರ್. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರದು, ಅದನ್ನು ಶುರು ಮಾಡಿದವರೂ ನಮ್ಮ ಕಡೆಯವರೇ. ಐನೂರು ವರ್ಷ ಅಕ್ಕಿ ಮಾರಿದ ನಾಡು ಆಮೇಲೆ ಅದನ್ನೇ ಇಡ್ಲಿ ಮಾಡಿ ಬೆಂಗಳೂರಿಗೆ ಬಡಿಸಿತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆ ಇಡ್ಲಿ ಹುಟ್ಟಿತು ಅಂತ ಎಂಟಿಆರ್‌ನವರು ಹೇಳುತ್ತಾರೆ. ಅಕ್ಕಿಯ ನಾಡಿನವರೇ ಅಕ್ಕಿ ಇಲ್ಲದ ಇಡ್ಲಿ ಮಾಡಬೇಕಾಯಿತು ನೋಡಿ.

ಆ ಗಲ್ಲಾಪೆಟ್ಟಿಗೆಯ ದುಡ್ಡು ಈಗಲೂ ಊರಿಗೆ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಬಾಗಿಲು ತೆಗೆಯುವ ಬಂಗಲೆಗೆ ಹೋಗುತ್ತದೆ. ಮಂದಾರ್ತಿ ಮೇಳದ ಹರಕೆ ಯಕ್ಷಗಾನಕ್ಕೆ ಹೋಗುತ್ತದೆ, ಅದಕ್ಕೆ ವರ್ಷಗಟ್ಟಲೆ ಮುಂಚೆ ಬುಕ್ ಮಾಡಿ ಕಾಯುತ್ತೇವೆ. ಕಂಬಳಕ್ಕೆ, ಕೋಲಕ್ಕೆ ಹೋಗುತ್ತದೆ. ಇದರಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ. ತಕರಾರು ಇರುವುದು ಜೀರ್ಣೋದ್ಧಾರದ ಬಗ್ಗೆ.

ನಮ್ಮ ತಾಲೂಕಿನದೇ ಒಂದು ದೇವಸ್ಥಾನ, ಹೆಸರು ಬೇಡ. ರಶೀದಿ ಪುಸ್ತಕ ಹಿಡಿದು ಬೆಂಗಳೂರಿಗೆ ಬಂದವರು ಅಂದಾಜು ಪಟ್ಟಿ ತೋರಿಸಿದರು. ಲೆಕ್ಕದವನಲ್ವಾ, ಸಾಲು ಸಾಲು ಓದಿದೆ. ಗರ್ಭಗುಡಿಗೆ ತಾಮ್ರದ ಹೊದಿಕೆ, ಸುತ್ತುಪೌಳಿಗೆ ಗ್ರಾನೈಟ್, ಅಂಗಳಕ್ಕೆ ಇಂಟರ್‌ಲಾಕ್, ಸ್ವಾಗತ ಗೋಪುರ, ಜೀರ್ಣೋದ್ಧಾರ ಮುಗಿದಾಗ ಮಾಡುವ ಬ್ರಹ್ಮಕಲಶದ ಚಪ್ಪರ, ಊಟ, ಫ್ಲೆಕ್ಸ್, ಸ್ಮರಣ ಸಂಚಿಕೆ. ಅಂಗಳದಲ್ಲಿ ಎದೆಯೆತ್ತರದ ಒಂದು ಶಾಸನದ ಕಲ್ಲು ಇತ್ತು. ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅದನ್ನೇನು ಮಾಡುತ್ತೀರಿ ಅಂತ ಕೇಳಿದೆ. "ಅದನ್ ಓದುಕೆ ಯಾರಿಗ್ ಬತ್ತತ್ ಮಾರಾಯ್ರೆ?" ಅಂದರು. ಕಡೆಗೆ ಬ್ರಹ್ಮಕಲಶಕ್ಕೆ ಹೋದಾಗ ಕಲ್ಲು ಇತ್ತು. ಅರ್ಧ ಇತ್ತು. ಕೆಳಗಿನ ಸಾಲುಗಳೆಲ್ಲ ಇಂಟರ್‌ಲಾಕ್ ಅಡಿಯಲ್ಲಿ. ಮೇಲಿನ ಅರ್ಧಕ್ಕೆ ಎನಾಮೆಲ್ ಪೇಂಟ್ ಬಳಿದು ಅರಿಸಿನ ಕುಂಕುಮ ಹಚ್ಚಿದ್ದರು. ಪಕ್ಕದ ಗೋಡೆಯಲ್ಲಿ ಹೊಳೆಯುವ ಗ್ರಾನೈಟ್ ಮೇಲೆ ದಾನಿಗಳ ಹೆಸರು, ಮೊತ್ತ. ದಾನಿಗಳ ಹಳೆ ಪಟ್ಟಿಯನ್ನು ನೆಲದಲ್ಲಿ ಹೂತು ಹೊಸ ಪಟ್ಟಿಯನ್ನು ಗೋಡೆಗೆ ಹಾಕಿದ್ದರು.

ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ ಅದು. ಕೆಲಸದವರಿಗೆ ಕಲ್ಲು ಅಂದರೆ ಕಲ್ಲು. ಗುತ್ತಿಗೆದಾರನಿಗೆ ಮಟ್ಟ ಸರಿಯಾಗಬೇಕು. ಸಮಿತಿಗೆ ಮುಹೂರ್ತಕ್ಕೆ ಮುಗಿಯಬೇಕು. ಹೇಳುವವರು ಯಾರೂ ಇಲ್ಲ. ಅರಸರ ಕಾಲದ ದೇವಸ್ಥಾನಕ್ಕೆ ಸರ್ಕಾರದ ರಕ್ಷಣೆ ಇರುತ್ತದೆ ಅಂದುಕೊಳ್ಳುತ್ತೇವೆ. ಹಳೆ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ, ನಿಜ. ಆದರೆ ಆ ಕಾಯ್ದೆಯ ಬಲ ಇರುವುದು ಸಂರಕ್ಷಿತ ಎಂದು ಘೋಷಿಸಿದ ಜಾಗಗಳಿಗೆ. ಹಳ್ಳಿಯ ಅಂಗಳದಲ್ಲಿ ನಿಂತಿರುವ ಒಂಟಿ ಕಲ್ಲಿಗೆ ಸಮಿತಿಯೇ ದಿಕ್ಕು.

ಬಸ್ರೂರಿಗೆ ಹೋದರೆ ತುಳುವೇಶ್ವರವನ್ನು ನೋಡಿ. ಹಾಳಾದ ಗುಡಿ, ಮೇಲೆ ಆಲದ ಮರ. ಬೇರುಗಳು ಗೋಡೆಯನ್ನೇ ಅಪ್ಪಿಕೊಂಡು ನಿಂತಿವೆ. ಬೆಂಗಳೂರಿನ ಹುಡುಗರು ಫೋಟೋ ತೆಗೆಯಲು ಹೋಗುತ್ತಾರೆ, ಹೋಗಲಿ. ಮಹಾಲಿಂಗೇಶ್ವರ ದೇವಸ್ಥಾನಕ್ಕೂ ಹೋಗಿ. ಮೂಡುಕೇರಿ, ವಿಲಾಸಕೇರಿ ಅಂತ ಕೇಳಿಕೊಂಡು ನಡೆಯಿರಿ. ಸುಮ್ನೆ ಕಾರಿನಲ್ಲಿ ಕೂತು ಸುತ್ತಬೇಡಿ. ಕೇರಿಯಿಂದ ಕೇರಿಗೆ ನಡೆದರೆ ಊರಿನ ಅಳತೆ ತಿಳಿಯುತ್ತದೆ.

ಇನ್ನು ನನ್ನ ಬೇಡಿಕೆ. ನೀವು ಯಾವುದೇ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಕೊಡುವಾಗ ಒಂದು ಷರತ್ತು ಹಾಕಿ. ಒಟ್ಟು ಅಂದಾಜಿನಲ್ಲಿ ನೂರಕ್ಕೆ ಒಂದು ರೂಪಾಯಿ ಹಳೆ ಕಲ್ಲುಗಳಿಗೆ. ಕೋಟಿ ರೂಪಾಯಿಯ ಕೆಲಸದಲ್ಲಿ ಒಂದು ಲಕ್ಷ. ಫ್ಲೆಕ್ಸಿಗೇ ಅದಕ್ಕಿಂತ ಜಾಸ್ತಿ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಒಂದು ಲಕ್ಷದಲ್ಲಿ ಜೆಸಿಬಿ ಬರುವ ಮುಂಚೆ ಪ್ರತಿ ಕಲ್ಲಿನ ಫೋಟೋ, ಅಳತೆ, ಅದು ನಿಂತ ಜಾಗದ ಗುರುತು ಆಗಬೇಕು. ಓದುವವರನ್ನು ಕರೆಸಿ ಪಾಠ ಬರೆಸಬೇಕು. ತಲೆಯ ಮೇಲೆ ಒಂದು ಹೆಂಚಿನ ಮಾಡು, ಕಾಲ ಕೆಳಗೆ ಅಕ್ಷರ ಮುಚ್ಚದ ಕಟ್ಟೆ ಬೇಕು. ಪೇಂಟ್ ಬೇಡ, ಎಣ್ಣೆ ಬೇಡ, ಮರಳು ಹಾಕಿ ಉಜ್ಜುವುದು ಬೇಡ. ಪಕ್ಕದಲ್ಲಿ ಇವತ್ತಿನ ಕನ್ನಡದಲ್ಲಿ ಅದರ ಅರ್ಥ ಬರೆದ ಒಂದು ಫಲಕ ಇರಲಿ. ಅಷ್ಟೇ.

ಓದುವವರು ಸಿಗುವುದಿಲ್ಲ ಅನ್ನಬೇಡಿ. ನಾವಿರುವ ಊರಲ್ಲೇ ಇದ್ದಾರೆ. 1909ರಲ್ಲಿ ಶುರುವಾದ, ಇತಿಹಾಸದ ಕೆಲಸ ಮಾಡುವ ಮಿಥಿಕ್ ಸೊಸೈಟಿ ನೃಪತುಂಗ ರಸ್ತೆಯಲ್ಲಿದೆ. ಅವರು ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹಿಂದೆಲ್ಲ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪ್ರತಿ ತೆಗೆಯಬೇಕಿತ್ತು. ಈಗ ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಸ್ಕ್ಯಾನಿನಲ್ಲಿ ಎದ್ದು ಬರುತ್ತದೆ. ಹೆಬ್ಬಾಳದಲ್ಲಿ ಸುಮಾರು 750ರ ಕಾಲದ, ಕಿತ್ತಯ್ಯ ಎನ್ನುವ ವೀರನ ಶಾಸನದ ಕಲ್ಲು ಚರಂಡಿ ಕೆಲಸದ ಮಣ್ಣಲ್ಲಿ ಸೇರಿ ಹೋಗುವುದರಲ್ಲಿತ್ತು. ಆಸಕ್ತರು ಮತ್ತು ಅಲ್ಲಿನ ಜನ ಒಟ್ಟಾಗಿ ಅದನ್ನು ಉಳಿಸಿಕೊಂಡು ಮಂಟಪ ಕಟ್ಟಿದರು. ಯಾವ ಊರಿಂದಲೋ ಬಂದು ನೆಲೆಸಿದ ಜನ ಇರುವ ಬಡಾವಣೆ ಅದು. ಅಲ್ಲಿ ಆದದ್ದು ನಾವು ಹುಟ್ಟಿದ ಊರಲ್ಲಿ ಯಾಕೆ ಆಗಬಾರದು?

ಬಸ್ರೂರಿನ ಹಲವು ಶಾಸನಗಳನ್ನು ಮದ್ರಾಸ್ ಆಡಳಿತದ ಕಾಲದಲ್ಲೇ ಪ್ರತಿ ಮಾಡಿ ಅಚ್ಚು ಹಾಕಿದ್ದಾರೆ. ಹಾಗಾಗಿ ಎಲ್ಲ ಶುರುವಿನಿಂದ ಮಾಡಬೇಕಿಲ್ಲ. ಅಚ್ಚಾದ ಪಾಠ ಕೈಯಲ್ಲಿ ಹಿಡಿದು ಕಲ್ಲು ಎಲ್ಲೆಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ನೋಡಿ ಬರುವುದು ಮೊದಲ ಕೆಲಸ. ಅದಕ್ಕೆ ಇಂಜಿನಿಯರ್ ಬೇಡ, ದೊಡ್ಡ ದುಡ್ಡೂ ಬೇಡ. ಮೂರು ನಾಲ್ಕು ಜನ, ಒಂದು ಟೇಪು, ಒಂದು ಮೊಬೈಲು ಸಾಕು. ಊರಿನ ಶಾಲೆಯ ಮಕ್ಕಳನ್ನು ಕರೆದುಕೊಂಡರೆ ಇನ್ನೂ ಒಳ್ಳೆಯದು.

ಈ ಸಲದ ಕುಂದಾಪ್ರ ಕನ್ನಡ ದಿನದ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಡಿ ಅಂತ ಸಂಘಟಕರಲ್ಲಿ ಕೇಳಿಕೊಳ್ಳುತ್ತೇನೆ. ಊಟದ ಮುಂಚೆ ಕೊಡಿ, ಊಟ ಆದಮೇಲೆ ಯಾರೂ ಕೇಳುವುದಿಲ್ಲ. ಮಳೆ ಬಿಟ್ಟು ಕಲ್ಲು ಒಣಗುವುದು ನವೆಂಬರಿನಲ್ಲಿ. ದೀಪಾವಳಿಗೆ ಹೇಗೂ ಊರಿಗೆ ಹೋಗುವವರಿದ್ದೀರಿ. ಒಂದು ದಿನ ಜಾಸ್ತಿ ರಜೆ ಹಾಕಿಕೊಂಡು ಬನ್ನಿ. ಸಮಿತಿಯವರು ತಮ್ಮ ಅಂದಾಜು ಪಟ್ಟಿಯಲ್ಲಿ ಆ ಒಂದು ಸಾಲು ಸೇರಿಸಿದರೆ ಅದರ ಲೆಕ್ಕ ಇಡುವ ಕೆಲಸ ನನ್ನದು, ಫೀಸು ಬೇಡ.

ಇತಿ,
ಬಸ್ರೂರು ಕಡೆಯ ಒಬ್ಬ ಲೆಕ್ಕಪತ್ರದವನು
ಬೆಂಗಳೂರು